ಗೇಮ್ ಕಂಪನಿಗಳ ಸ್ಪರ್ಧೆ: ಓದುಗರ ಪ್ರಶ್ನೆಗಳು

ಪ್ರಶ್ನೆ: ಗೇಮ್ ಕಂಪನಿಯೊಂದು ಚಿತ್ರ ಬಿಡಿಸುವ ಸ್ಪರ್ಧೆ ಇಟ್ಟಿದೆ. ಹೆಚ್ಚು ಲೈಕ್ ಬಂದವರಿಗೆ ಬಹುಮಾನವಂತೆ. ಭಾಗವಹಿಸಬಹುದೇ? (ಹಾವೇರಿ)

ಉತ್ತರ: ಲೈಕನ್ನೇ ಎಣಿಸುವುದಾದರೆ ಫಾಲೋವರ್‌ಗಳು ಜಾಸ್ತಿ ಇರುವವರೇ ಗೆಲ್ಲುವುದು. ದುಡ್ಡು ಕೊಟ್ಟರೆ ಲೈಕೂ ಸಿಗುತ್ತದೆ. ಲೈಕಿನಿಂದ ಕೊನೆಯ ಸುತ್ತಿಗೆ ಆರಿಸಿ, ಮುಂದಿನದನ್ನು ತೀರ್ಪುಗಾರರಿಗೆ ಬಿಟ್ಟಿದ್ದರೆ ಪರವಾಗಿಲ್ಲ. ಬಂದ ಚಿತ್ರಗಳ ಹಕ್ಕೆಲ್ಲ ತನಗೇ ಎಂದು ಕಂಪನಿ ಬರೆದುಕೊಂಡಿದ್ದರೆ ಮಾತ್ರ ಬಿಟ್ಟುಬಿಡಿ; ಅದು ಸೋತವರಿಂದಲೂ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವ ಉಪಾಯ. ಸೇರುವುದಾದರೆ ಲೇಯರ್‌ಗಳಿರುವ (ಚಿತ್ರದ ಪದರಗಳು ಬೇರೆಬೇರೆಯಾಗಿ ಉಳಿದಿರುವ) ಮೂಲ ಫೈಲ್ ನಿಮ್ಮಲ್ಲೇ ಇರಲಿ. ನಾಳೆ ಯಾರಾದರೂ ಚಿತ್ರ ಕದ್ದರೆ ಅದೇ ಸಾಕ್ಷಿ.

ಪ್ರಶ್ನೆ: ಲಕ್ಕಿ ಡ್ರಾದಲ್ಲಿ 60,000 ರೂಪಾಯಿಯ ಫೋನ್ ಬಂದಿದೆ, ಮೊದಲು ತೆರಿಗೆ ಕಟ್ಟಿ ಎನ್ನುತ್ತಿದ್ದಾರೆ. ಮೋಸವೇ? (ಶಿರಸಿ)

ಉತ್ತರ: ಇರಬಹುದು, ಇಲ್ಲದಿರಲೂಬಹುದು. ಡ್ರಾ ಬಹುಮಾನ 10,000 ರೂಪಾಯಿ ಮೀರಿದರೆ ಶೇ 30 ಟಿಡಿಎಸ್ (ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಲೇಬೇಕು. ನಗದಾದರೆ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಫೋನನ್ನು ಮುರಿದು ಹಿಡಿಯಲಾಗುವುದಿಲ್ಲವಲ್ಲ! ಹಾಗಾಗಿ 18,000 ರೂಪಾಯಿ ಕಟ್ಟಿದ ಮೇಲೆಯೇ ಅದು ನಿಮ್ಮ ಕೈ ಸೇರಬೇಕು. ದೊಡ್ಡ ಮನಸ್ಸಿನ ಕಂಪನಿಗಳು ಇದನ್ನು ತಾವೇ ಭರಿಸುವುದುಂಟು. ಕಳ್ಳರು ನುಸುಳುವುದೂ ಇದೇ ಸಂದಿಯಲ್ಲಿ. ಅಸಲಿ ಕಂಪನಿ ನಿಮ್ಮ ಪ್ಯಾನ್ ಕೇಳುತ್ತದೆ, ತನ್ನ ಟ್ಯಾನ್ (ತೆರಿಗೆ ಹಿಡಿಯುವವರ ಗುರುತು) ಸಂಖ್ಯೆಯಿರುವ ಟಿಡಿಎಸ್ ಪ್ರಮಾಣಪತ್ರ ಕೊಡುತ್ತದೆ. ಆ ಮೊತ್ತ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಲ್ಲಿ ಕಾಣುತ್ತದೆ. ಯಾರದೋ ಸ್ವಂತ ಯುಪಿಐ ಐಡಿಗೆ ‘ಇವತ್ತೇ ಹಾಕಿ’ ಎಂದರೆ, ಒಟಿಪಿ ಕೇಳಿದರೆ, ಮಾತು ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ಎಷ್ಟೋ ಸ್ಪರ್ಧೆಗಳಲ್ಲಿ ‘ತಮಿಳುನಾಡು ಹೊರತುಪಡಿಸಿ’ ಎಂದಿರುತ್ತದೆ. ಯಾಕೆ? (ಹೊಸೂರು)

ಉತ್ತರ: ಅಲ್ಲಿ ಬಹುಮಾನ ಯೋಜನೆಗಳನ್ನು ನಿಷೇಧಿಸುವ 1979ರ ಕಾಯ್ದೆ ಇದೆ. ಗಡಿಯ ಈಚೆ, ಕರ್ನಾಟಕದ ಅತ್ತಿಬೆಲೆಯ ಗೆಳೆಯರ ವಿಳಾಸ ಕೊಟ್ಟು ಸೇರಬೇಡಿ, ಗೆದ್ದ ಮೇಲೆ ದಾಖಲೆ ನೋಡುವಾಗ ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ಸ್ಪರ್ಧೆ ಮುಗಿದರೂ ಫಲಿತಾಂಶವೇ ಬಂದಿಲ್ಲ. (ಬೆಂಗಳೂರು)

ಉತ್ತರ: ಹಳೇ ರೋಗ ಇದು. 1982ರಲ್ಲಿ ಅಮೆರಿಕದ ಅಟಾರಿ ಕಂಪನಿ ‘ಸ್ವೋರ್ಡ್‌ಕ್ವೆಸ್ಟ್’ ಎಂಬ ನಾಲ್ಕು ಆಟಗಳ ಸರಣಿ ಶುರುಮಾಡಿ, ಜೊತೆಗೆ ಕೊಟ್ಟ ಕಾಮಿಕ್ಸ್‌ನಲ್ಲಿ ಸುಳಿವು ಅಡಗಿಸಿ, ಅದನ್ನು ಬಿಡಿಸಿದವರಿಗೆ ಬಹುಮಾನದ ಸ್ಪರ್ಧೆ ಇಟ್ಟಿತ್ತು. ಕೊನೆಯ ಬಹುಮಾನ 50,000 ಡಾಲರ್ ಬೆಲೆಯ ಖಡ್ಗ. 1984ರಲ್ಲಿ ಕಂಪನಿ ಕೈಬದಲಾಯಿತು, ಸ್ಪರ್ಧೆ ಅರ್ಧಕ್ಕೇ ನಿಂತಿತು, ಖಡ್ಗ ಯಾರಿಗೂ ದಕ್ಕಲಿಲ್ಲ. ನಮ್ಮಲ್ಲಿ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಉಚಿತ ಬಹುಮಾನ ಯೋಜನೆ ಮುಗಿದ ಮೇಲೆ ಫಲಿತಾಂಶ ಮುಚ್ಚಿಡುವುದು ಅನುಚಿತ ವ್ಯಾಪಾರ ಪದ್ಧತಿ. ಮೊದಲು ಕಂಪನಿಗೆ ಇಮೇಲ್ ಮಾಡಿ. ಉತ್ತರ ಬರದಿದ್ದರೆ ನಿಯಮಾವಳಿಯ ಸ್ಕ್ರೀನ್‌ಶಾಟ್ ಕೈಯಲ್ಲಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. ಸೇರಿದ ದಿನವೇ ತೆಗೆದ ಸ್ಕ್ರೀನ್‌ಶಾಟ್ ಆದರೆ ಒಳ್ಳೆಯದು. ನಿಯಮಗಳನ್ನು ನಡುವೆ ಸದ್ದಿಲ್ಲದೆ ತಿದ್ದುವವರಿದ್ದಾರೆ.