ದಿನಾ ಓಡಿಸುವ ಸ್ವಿಫ್ಟ್‌ಗೆ ಎಷ್ಟು ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು?

ನೀವು ಕೇಳಿರುವುದು ಇಷ್ಟು: ಬೆಂಗಳೂರಲ್ಲಿ ದಿನಾ ಆಫೀಸಿಗೆ ಓಡಿಸುವ ಸ್ವಿಫ್ಟ್, ಆಗಾಗ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಇಳಿದು ಊರಿಗೆ ಹೋಗುತ್ತೀರಿ, ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ, ಅಂಗಡಿಯವರು ಮುಂದೆ 6ಕೆ ಹಿಂದೆ 4ಕೆ ಸ್ಪ್ರಿಂಗ್ ಇರುವ ಕಾಯ್ಲ್‌ಓವರ್ (ಸ್ಪ್ರಿಂಗು, ಶಾಕ್ ಎರಡೂ ಸೇರಿದ ಸೆಟ್) ತೋರಿಸಿದ್ದಾರೆ, ಹಾಕಿಸಬಹುದಾ?

ಬೇಡ. ಮುಂದೆ 3ಕೆ ದಾಟಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಲೆಕ್ಕ ಇದೆ, ಕಷ್ಟದ್ದೇನಲ್ಲ.

6ಕೆ ಅಂದರೆ ಆ ಸ್ಪ್ರಿಂಗನ್ನು 1 ಮಿಲಿಮೀಟರ್ ಒತ್ತೋಕೆ 6 ಕೆಜಿ ಭಾರ ಬೇಕು ಅಂತ, ಇದಕ್ಕೇ ಸ್ಪ್ರಿಂಗ್ ರೇಟು ಅನ್ನುವುದು. ಬರೀ ಈ ಅಂಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇದೇ 6ಕೆ ಸ್ಪ್ರಿಂಗ್ ಭಾರವಾದ ಸೆಡಾನ್‌ಗೆ ಹಿತವಾಗಿರಬಹುದು, 900 ಕೆಜಿ ಆಸುಪಾಸಿನ ಸ್ವಿಫ್ಟ್‌ಗೆ ಕಲ್ಲು. ನೋಡಬೇಕಾದ್ದು ಆ ಸ್ಪ್ರಿಂಗ್ ಮೇಲೆ ಕೂತ ಭಾರ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಅನ್ನುವುದನ್ನು, ಅದರ ಅಳತೆಯೇ ಹರ್ಟ್ಸ್. ಮನೆಗೆ ಬಳಸುವ ಕಾರುಗಳು 1ರಿಂದ 1.5 ಹರ್ಟ್ಸ್ ಒಳಗಿರುತ್ತವೆ. 2ರ ಹತ್ತಿರ ಬಂದರೆ ಟ್ರ್ಯಾಕ್ ಕಾರಿನ ದಾರಿ ಹಿಡಿದ ಹಾಗೆ.

ನಿಮ್ಮ ಕಾರಿಗೇ ಹಾಕಿ ನೋಡೋಣ. ಸ್ವಿಫ್ಟ್‌ನಲ್ಲಿ ಭಾರವೆಲ್ಲ ಮುಂದೆ, ಸುಮಾರು 60 ಪರ್ಸೆಂಟ್. ಇಬ್ಬರು ಕೂತಾಗ ಚಕ್ರ, ಬ್ರೇಕು, ಹಬ್ಬು ಕಳೆದು ಮುಂದಿನ ಒಂದೊಂದು ಸ್ಪ್ರಿಂಗ್ ಮೇಲೆ ಅಂದಾಜು 280 ಕೆಜಿ ಇರುತ್ತದೆ ಅಂತಿಟ್ಟುಕೊಳ್ಳಿ. ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಶಾಕು, ಸ್ಪ್ರಿಂಗು ಒಂದೇ ಕಂಬದಲ್ಲಿ. ಅದರಲ್ಲಿ ಚಕ್ರ 1 ಮಿಲಿಮೀಟರ್ ಎದ್ದರೆ ಸ್ಪ್ರಿಂಗ್ ಸುಮಾರು 0.95 ಒತ್ತುತ್ತದೆ. ಸ್ಪ್ರಿಂಗ್ ರೇಟನ್ನು ಈ 0.95ರಿಂದ ಎರಡು ಸಲ ಗುಣಿಸಬೇಕು, ಅಂದರೆ ಚಕ್ರಕ್ಕೆ ತಾಗುವ ಗಟ್ಟಿತನ ಸ್ಪ್ರಿಂಗ್ ರೇಟಿನ 90 ಪರ್ಸೆಂಟ್. ಈ ಲೆಕ್ಕದಲ್ಲಿ 6ಕೆ ಹಾಕಿದರೆ ಮುಂಭಾಗ 2.2 ಹರ್ಟ್ಸ್. ದಿನಾ ಓಡಾಡೋಕೆ ಇದು ಆಗದ ಮಾತು, ಪ್ರತಿ ಗುಂಡಿಯೂ ಸೊಂಟಕ್ಕೆ ಬಡಿಯುತ್ತದೆ. 3ಕೆ ಹಾಕಿದರೆ ಸುಮಾರು 1.55, ಬಿಗಿ ಅನಿಸಿದರೂ ತಡೆದುಕೊಳ್ಳಬಹುದು. 2.5ಕೆ ಅಂದರೆ 1.4. ನಿಮ್ಮ ಜಾಗದಲ್ಲಿ ನಾನಿದ್ದರೆ ಈ 2.5ಕೆ ತಗೊಳ್ಳುತ್ತೇನೆ.

ಹಿಂದಿನದು ಬೇರೆ ಕಥೆ, ನಿಮಗೆ ಇದೇ ಮುಖ್ಯ. ಮುಂದಿನ ಭಾರ ಅಷ್ಟಾಗಿ ಬದಲಾಗುವುದಿಲ್ಲ, ಎಂಜಿನ್ ಯಾವಾಗಲೂ ಅಲ್ಲೇ ಇರುತ್ತದೆ ಅಲ್ವಾ. ಹಿಂದೆ ಹಾಗಲ್ಲ. ನೀವೊಬ್ಬರೇ ಹೋಗುವಾಗ ಒಂದೊಂದು ಸ್ಪ್ರಿಂಗ್ ಮೇಲೆ 155 ಕೆಜಿ ಇದ್ದರೆ, ಹಿಂದಿನ ಸೀಟಲ್ಲಿ ಮೂವರು ಕೂತು ಡಿಕ್ಕಿಯಲ್ಲಿ ಬ್ಯಾಗು, ತೆಂಗಿನಕಾಯಿ ಎಲ್ಲ ತುಂಬಿದಾಗ ಇನ್ನೊಂದು 100 ಕೆಜಿ ಸೇರುತ್ತದೆ. ಚಕ್ರದ ಹತ್ತಿರ ಅಳೆದಾಗ ಗಟ್ಟಿತನ 2ಕೆ ಇದ್ದರೆ ಹಿಂಭಾಗ 5 ಸೆಂಟಿಮೀಟರ್ ಕುಸಿಯುತ್ತದೆ. ಕಾರನ್ನು ಮೊದಲೇ 3 ಸೆಂಟಿಮೀಟರ್ ಇಳಿಸಿಬಿಟ್ಟಿದ್ದರೆ ಬಂಪ್ ಸ್ಟಾಪ್ (ಚಕ್ರ ಪೂರ್ತಿ ಮೇಲೆದ್ದಾಗ ತಡೆಯುವ ರಬ್ಬರ್ ತುಂಡು) ಮುಟ್ಟೋಕೆ ಉಳಿಯುವ ಜಾಗ ಎಷ್ಟು? ಚಾರ್ಮಾಡಿಯಲ್ಲಿ ರಸ್ತೆ ಕಿತ್ತುಹೋದ ತಿರುವಿನಲ್ಲಿ ಬ್ರೇಕ್ ಒತ್ತಿಕೊಂಡೇ ತಿರುಗಿಸುವಾಗ ಹಿಂದಿನ ಹೊರಚಕ್ರ ಸ್ಟಾಪ್‌ಗೆ ಗುದ್ದಿದರೆ, ಆ ಕ್ಷಣದಲ್ಲಿ ಸ್ಪ್ರಿಂಗ್ ರೇಟ್ ಥಟ್ಟನೆ ಹಲವು ಪಟ್ಟು ಏರಿದ ಹಾಗೆ, ಆ ಟೈರಿನ ಹಿಡಿತ ಹೋಗುತ್ತದೆ. ಇದು ಆರಾಮದ ಪ್ರಶ್ನೆಯೇ ಅಲ್ಲ, ಹಿಂದಿನ ಸೀಟಲ್ಲಿ ಕೂತವರ ಜೀವದ ಪ್ರಶ್ನೆ.

ಅದಕ್ಕೇ ಮೊದಲು ಟ್ರಾವೆಲ್, ಅಂದರೆ ಶಾಕ್ ಎಷ್ಟು ದೂರ ಒಳಗೆ ಹೋಗುತ್ತದೆ ಅನ್ನುವುದನ್ನು ಅಳೆಯಿರಿ, ಆಮೇಲೆ ರೇಟು. ಮುಂದಿನ ಸ್ಟ್ರಟ್ ರಾಡಿಗೆ, ಹಿಂದಿನ ಶಾಕ್ ರಾಡಿಗೆ ಒಂದೊಂದು ಕೇಬಲ್ ಟೈ ಬಿಗಿದು, ಸೀಲಿಗೆ ತಾಗುವಂತೆ ಇಟ್ಟು, ಮನೆಮಂದಿ ಸಮೇತ ನಿಮ್ಮ ಮಾಮೂಲಿ ದಾರಿಯಲ್ಲಿ ಹೋಗಿ ಬನ್ನಿ. ಟೈ ಎಲ್ಲಿಯವರೆಗೆ ಸರಿದಿದೆಯೋ ಅಷ್ಟು ಟ್ರಾವೆಲ್ ಖರ್ಚಾಗಿದೆ ಅಂತ. ಆಗಲೇ ಬಂಪ್ ಸ್ಟಾಪ್ ತನಕ ಹೋಗಿದ್ದರೆ ಕಾರನ್ನು ಒಂದಿಂಚೂ ಇಳಿಸಬೇಡಿ. ತೂಕಕ್ಕೆ ಯಾವುದಾದರೂ ವೇಬ್ರಿಡ್ಜ್‌ಗೆ ಹೋಗಿ ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಸಲ, ಹಿಂದಿನದು ಮಾತ್ರ ಒಂದು ಸಲ. ನನ್ನ ಅಂದಾಜಿಗಿಂತ ಆ ಚೀಟಿಯ ಮಾತು ನಂಬಿ.

ಹಿಂದಿನ ಭಾಗ ಮುಂದಿನದಕ್ಕಿಂತ ಸ್ವಲ್ಪ ಚುರುಕಾಗಿ ಆಡಬೇಕು. ಹಂಪ್ ಮೊದಲು ಸಿಗುವುದು ಮುಂದಿನ ಚಕ್ರಕ್ಕೆ, ಹಿಂದಿನದು ತಡವಾಗಿ ಶುರು ಮಾಡಿದರೂ ಬೇಗ ಆಡಿ ಮುಂದಿನದನ್ನು ಸೇರಿಕೊಂಡರೆ ಕಾರು ತೂಗಾಡುವುದಿಲ್ಲ. 1930ರ ದಶಕದಲ್ಲೇ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಓಲಿ ಅನ್ನುವ ಎಂಜಿನಿಯರ್ ಕಂಡುಕೊಂಡ ಮಾತಿದು. ಚಕ್ರದ ಹತ್ತಿರ 2ಕೆ ಇದ್ದರೆ ಹಿಂಭಾಗ ಖಾಲಿ ಇದ್ದಾಗ 1.8 ಹರ್ಟ್ಸ್, ತುಂಬಿದಾಗ 1.4. ಎರಡೂ ನಡೆಯುತ್ತದೆ. ಸ್ವಿಫ್ಟ್‌ನ ಹಿಂದೆ ಇರುವುದು ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳುವ ತೊಲೆ), ಸ್ಪ್ರಿಂಗ್ ಚಕ್ರದ ನೇರಕ್ಕೆ ಕೂತಿಲ್ಲ, ಹಾಗಾಗಿ ಡಬ್ಬದ ಮೇಲಿನ ರೇಟನ್ನೇ ಚಕ್ರದ ರೇಟು ಅಂದುಕೊಳ್ಳಬೇಡಿ.

ಇನ್ನು ವಾಲುವುದು. ಅದಕ್ಕೆ ಸ್ಪ್ರಿಂಗ್ ಗಟ್ಟಿ ಮಾಡುವುದು ದುಬಾರಿ ದಾರಿ. ಎಡಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು ಆ್ಯಂಟಿ ರೋಲ್ ಬಾರ್. ಅದು ಕೆಲಸ ಮಾಡುವುದು ಎಡಬಲ ಚಕ್ರಗಳು ಬೇರೆ ಬೇರೆಯಾಗಿ ಆಡಿದಾಗ ಮಾತ್ರ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಅದು ಸುಮ್ನೆ ಇರುತ್ತದೆ. ಬಾರ್ ಸ್ವಲ್ಪ ದಪ್ಪ ಆದರೂ ಸಾಕು, 10 ಪರ್ಸೆಂಟ್ ದಪ್ಪಕ್ಕೆ 46 ಪರ್ಸೆಂಟ್ ಗಟ್ಟಿತನ. ಅದಕ್ಕೂ ಮೊದಲು ಶಾಕ್ ಸೋರುತ್ತಿದೆಯಾ, ಬುಷ್ (ಕೀಲುಗಳಲ್ಲಿರುವ ರಬ್ಬರ್) ಹೋಗಿದೆಯಾ, ಟೈರ್ ಗಾಳಿ ಸರಿಯಿದೆಯಾ ನೋಡಿಸಿ. ಎಷ್ಟೋ ಕಾರುಗಳ ವಾಲಾಟ ಅಲ್ಲೇ ಮುಗಿಯುತ್ತದೆ.

ಒಂದು ಮಾತು ಬಿಡಿಸಿ ಹೇಳಲೇಬೇಕು. ಕಂಪನಿ ಶಾಕ್ ಹಾಗೇ ಇಟ್ಟು ಬರೀ ಸ್ಪ್ರಿಂಗ್ ಗಟ್ಟಿ ಮಾಡಬೇಡಿ. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಶಾಕ್ ಕೂಡ ಸುಮಾರು 1.4 ಪಟ್ಟು ಬಲವಾಗಬೇಕು. ಇಲ್ಲದಿದ್ದರೆ ಹಂಪ್ ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತದೆ. ನಿಮ್ಮ ದುಡ್ಡಿನಲ್ಲಿ ಜಾಸ್ತಿ ಪಾಲು ಶಾಕ್‌ಗೇ ಹೋಗಲಿ. ಗ್ಯಾರೇಜಲ್ಲಿ ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿ ಕೊಡುತ್ತೇವೆ ಅಂದರೆ ಖಂಡಿತ ಒಪ್ಪಬೇಡಿ. ಐದು ಸುತ್ತಿನಲ್ಲಿ ಒಂದು ಹೋದರೆ 25 ಪರ್ಸೆಂಟ್ ಗಟ್ಟಿಯಾಗುತ್ತದೆ ನಿಜ, ಆದರೆ ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಸುತ್ತುಗಳ ಮಧ್ಯೆ ಸಿಕ್ಕಿಸುವ ರಬ್ಬರ್ ಬಫರ್ ಕೂಡ ಅಷ್ಟೇ, ಒಂದು ಸುತ್ತಿನ ಆಟ ತಡೆದು ಉಳಿದವುಗಳ ಮೇಲೆ ಭಾರ ಹೇರುತ್ತದೆ.

ಗಾಡಿಯಲ್ಲಿ ಮಾಡಿಸುವ ಬದಲಾವಣೆಗಳಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೆನಪಿರಲಿ. ಹಾಕಿಸುವ ಮುಂಚೆ ಇನ್ಶೂರೆನ್ಸ್‌ನವರಿಗೆ ಲಿಖಿತವಾಗಿ ಕೇಳಿ.

ಹಾಕಿಸಿದ ಮೇಲೆ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ. ಕೆಲವು ದಿನ ಓಡಿಸಿ ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಎತ್ತರವೂ ಸರಿ ಮಾಡಿಸಿ. ವೇಬ್ರಿಡ್ಜ್ ಅಂಕಿ ಸಿಕ್ಕ ಮೇಲೆ ಇಲ್ಲೇ ಹಾಕಿ, ಖಾಲಿದೂ ತುಂಬಿದ್ದೂ ಎರಡೂ ಇರಲಿ, ಹಿಂದಿನ ಸ್ಪ್ರಿಂಗಿಗೆ ಸರಿಯಾದ ರೇಟು ಲೆಕ್ಕ ಹಾಕಿ ಹೇಳುತ್ತೇನೆ.