ಪುಟ್ಟ ಐಸ್‌ಲ್ಯಾಂಡ್ 2016ರ ಯೂರೋ ಫುಟ್‌ಬಾಲ್ ಟೂರ್ನಿಯಲ್ಲಿ ಇಂಗ್ಲೆಂಡನ್ನು ಸೋಲಿಸಿದ್ದು ಬರೀ ಅದೃಷ್ಟವೇ?

ಖಂಡಿತ ಅಲ್ಲ. ಉತ್ತರ ಬೇಕಿದ್ದರೆ ಅವರ 21 ವರ್ಷದೊಳಗಿನವರ ತಂಡವನ್ನು ನೋಡಬೇಕು.

2010ರ ಆಗಸ್ಟ್‌ನಲ್ಲಿ ಅರ್ಹತಾ ಪಂದ್ಯವೊಂದರಲ್ಲಿ ಈ ಹುಡುಗರು ಜರ್ಮನಿಯನ್ನು 4-1ರಿಂದ ಸೋಲಿಸಿದರು. ಆಗ ಜರ್ಮನಿಯೇ ಆ ವಯೋಮಾನದ ಯುರೋಪ್ ಚಾಂಪಿಯನ್! ಆಮೇಲೆ ಪ್ಲೇಆಫ್‌ನಲ್ಲಿ ಸ್ಕಾಟ್ಲೆಂಡನ್ನೂ ದಾಟಿ, 2011ರಲ್ಲಿ ಡೆನ್ಮಾರ್ಕ್‌ನಲ್ಲಿ ನಡೆದ 21 ವರ್ಷದೊಳಗಿನವರ ಯೂರೋ ಟೂರ್ನಿಗೆ ಹೋದರು. ಅಲ್ಲಿ ಬೆಲಾರಸ್, ಸ್ವಿಟ್ಜರ್ಲೆಂಡ್ ಎದುರು ಸೋತರು. ಆದರೆ ಕೊನೆಯ ಪಂದ್ಯದಲ್ಲಿ ಆತಿಥೇಯ ಡೆನ್ಮಾರ್ಕನ್ನೇ 3-1ರಿಂದ ಮಣಿಸಿದರು. ಐಸ್‌ಲ್ಯಾಂಡ್, ಬೆಲಾರಸ್, ಡೆನ್ಮಾರ್ಕ್ ಮೂರಕ್ಕೂ ತಲಾ 3 ಅಂಕ. ಗೋಲುಗಳ ಲೆಕ್ಕದಲ್ಲಿ ಬೆಲಾರಸ್‌ಗೆ ಸೆಮಿಫೈನಲ್ ಸಿಕ್ಕಿತು. ಈಗ ನೆನೆದರೂ ಬೇಜಾರಾಗುತ್ತದೆ.

ಗಿಲ್ಫಿ ಸಿಗುರ್ಡ್‌ಸನ್, ಆರಾನ್ ಗುನ್ನಾರ್ಸನ್, ಬಿರ್ಕಿರ್ ಬ್ಯಾರ್ನಸನ್, ಕೋಲ್‌ಬೇನ್ ಸಿಗ್‌ಥೋರ್ಸನ್ ಎಲ್ಲರೂ ಆ ತಂಡದವರೇ. ಐದು ವರ್ಷದ ನಂತರ ಇಂಗ್ಲೆಂಡ್ ವಿರುದ್ಧ ಗೆಲುವಿನ ಗೋಲು ಹೊಡೆದದ್ದು ಕೋಲ್‌ಬೇನ್; ತಂಡದ ನಾಯಕನಾಗಿದ್ದದ್ದು ಆರಾನ್. ಅಂದರೆ ಇವರು ಚಿಕ್ಕಂದಿನಿಂದಲೇ ಜೊತೆಯಲ್ಲಿ ಬೆಳೆದ ತಂಡ.

ಇನ್ನು ಬುನಾದಿ. ಐಸ್‌ಲ್ಯಾಂಡ್‌ನಲ್ಲಿ ಚಳಿಗಾಲದಲ್ಲಿ ಹೊರಗೆ ಆಡುವುದು ತುಂಬಾ ಕಷ್ಟ. 2000ದಿಂದೀಚೆಗೆ ಪೂರ್ತಿ ಮೈದಾನವನ್ನೇ ಒಳಗಿಟ್ಟುಕೊಂಡ ದೊಡ್ಡ ಹಾಲ್‌ಗಳನ್ನು ಕಟ್ಟಿದರು. ಪುಟ್ಟ ಮಕ್ಕಳಿಗೂ ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಒಕ್ಕೂಟ) ಲೈಸೆನ್ಸ್ ಇರುವ ಕೋಚ್‌ಗಳೇ ಕಲಿಸುತ್ತಾರೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಕಾರಣ.