ಮದುವೆಗೆ ಮುಂಚೆ ‘ಸೈಜ್’ ಚಿಂತೆ: ಎಣ್ಣೆ, ಪಂಪು, ಸುನ್ನತ್ ಇವುಗಳಿಂದ ಏನಾದರೂ ಆಗುತ್ತಾ?

ನಿಮ್ಮ ಪ್ರಶ್ನೆ ಉದ್ದ ಇದೆ. ಬೇರೆಯವರಿಗೂ ಅರ್ಥವಾಗಲಿ ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ವಯಸ್ಸು 26, ಮದ್ದೂರು ಕಡೆಯವರು, ಶ್ರಾವಣದಲ್ಲಿ ಮದುವೆ, ಇನ್ನೂ ನಾಲ್ಕು ತಿಂಗಳಿದೆ. ಅಂಗ ನಿಮಿರಿದಾಗ ಐದು ಇಂಚು, ಇದು ಸಾಲಲ್ಲ ಅನ್ನೋ ಚಿಂತೆ. ಹೆದ್ದಾರಿ ಪಕ್ಕದ ಗಿಡಮೂಲಿಕೆ ಟೆಂಟಿನವನು 3,500 ರೂಪಾಯಿಗೆ ಎಣ್ಣೆ, ಕ್ಯಾಪ್ಸೂಲ್ ಸೇರಿಸಿ ‘ಕೋರ್ಸ್’ ಕೊಡುತ್ತೇನೆ ಅಂದಿದ್ದಾನೆ. ಗೆಳೆಯನೊಬ್ಬ, ಸುನ್ನತ್ ಮಾಡಿಸಿಕೋ, ದೊಡ್ಡದಾಗುತ್ತೆ ಅಂದಿದ್ದಾನೆ. ಇಷ್ಟೆಲ್ಲ ಬರೆದು ಕೊನೆಗೆ ಒಂದೇ ಸಾಲಿನಲ್ಲಿ, ನಿಮಿರಿದಾಗ ಮುಂದೊಗಲು ಹಿಂದೆ ಸರಿಯಲ್ಲ, ಎಳೆದರೆ ನೋವು ಅಂತ ಸೇರಿಸಿದ್ದೀರಿ.

ನಾನು ಮಂಡ್ಯದಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಓದಿದ್ದು ಬಿ.ಫಾರ್ಮ, ಡಾಕ್ಟರ್ ಅಲ್ಲ. ಆದರೂ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ: ನಿಮಗಿರುವ ತೊಂದರೆ ಆ ಕೊನೆ ಸಾಲಿನಲ್ಲಿದೆ. ಅದಕ್ಕೆ ಔಷಧಿ ಇದೆ. ಮಿಕ್ಕಿದ್ದಕ್ಕೆ ಔಷಧಿಯೂ ಇಲ್ಲ, ಬೇಕಾಗಿಯೂ ಇಲ್ಲ.

ಮೊದಲು ಅಳತೆ ವಿಷಯ ಮುಗಿಸೋಣ. 2015ರಲ್ಲಿ ಮೂತ್ರರೋಗ ತಜ್ಞರ ‘ಬಿಜೆಯು ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬೇರೆ ಬೇರೆ ದೇಶಗಳಲ್ಲಿ ವೈದ್ಯಕೀಯ ಸಿಬ್ಬಂದಿಯೇ ತೆಗೆದ ಅಳತೆಗಳನ್ನೆಲ್ಲ ಒಂದು ಕಡೆ ಸೇರಿಸಿದ್ದರು. ಒಟ್ಟು 15,000ಕ್ಕೂ ಜಾಸ್ತಿ ಗಂಡಸರ ಲೆಕ್ಕ. ನಿಮಿರಿದಾಗ ಸರಾಸರಿ 13.12 ಸೆಂ.ಮೀ. ಬಂತು. ಐದು ಇಂಚು ಅಂದರೆ 12.7. ನೀವು ಸರಾಸರಿಯ ಪಕ್ಕದಲ್ಲೇ ಇದ್ದೀರಿ. ಅದೂ ನೀವು ಸ್ಕೇಲನ್ನು ಮೇಲ್ಗಡೆಯಿಂದ, ಬುಡದ ಮೂಳೆಗೆ ಒತ್ತಿ ಹಿಡಿದು ಅಳೆದಿದ್ದರೆ. ಬಹಳ ಜನ ಹಾಗೆ ಅಳೆಯೋದೇ ಇಲ್ಲ, ಅರ್ಧ ಇಂಚು ತಾವೇ ಕಳೆದುಕೊಳ್ಳುತ್ತಾರೆ. ಹೊಟ್ಟೆ ಬಂದವರಿಗೆ ಬುಡದ ಕೊಬ್ಬಿನಲ್ಲಿ ಇನ್ನೂ ಸ್ವಲ್ಪ ಮುಚ್ಚಿಹೋಗುತ್ತದೆ. ತೂಕ ಇಳಿಸಿದರೆ ಅದು ಕಾಣುತ್ತದೆ. ಖರ್ಚಿಲ್ಲದೆ ‘ದೊಡ್ಡದು’ ಮಾಡಿಕೊಳ್ಳಲು ನನಗೆ ಗೊತ್ತಿರುವ ದಾರಿ ಅದೊಂದೇ. ಡಾಕ್ಟರುಗಳು ನಿಜವಾಗಿಯೂ ಚಿಕ್ಕದು ಅಂತ ಹೇಳೋದು, ಎಳೆದು ಅಳೆದಾಗಲೂ ಸುಮಾರು ಮೂರು ಇಂಚಿಗಿಂತ ಕಡಿಮೆ ಇದ್ದರೆ. ಅದು ಅಪರೂಪ. ಹಾರ್ಮೋನ್ ಕೊರತೆಯಿಂದ ಆಗುವಂಥದ್ದು, ಸಾಮಾನ್ಯವಾಗಿ ಮಗುವಿದ್ದಾಗಲೇ ಗೊತ್ತಾಗುತ್ತದೆ.

ಇನ್ನು ಟೆಂಟಿನ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೂ ಇದೆ, ಹಾಗಾಗಿ ಜಾಸ್ತಿ ಬರೆದರೆ ಬೇಜಾರಾಗಬೇಡಿ.

ಅಂಗಡಿಗೆ ಈ ಕೇಸ್ ಬರುವ ರೀತಿ ಒಂದೇ ಥರ ಇರುತ್ತದೆ. ಹುಡುಗ ಕೌಂಟರಿನ ಮೂಲೆಯಲ್ಲಿ ನಿಲ್ಲುತ್ತಾನೆ. ಹೆಂಗಸರು ಯಾರಾದರೂ ಇದ್ದರೆ ಒಂದು ವಿಕ್ಸ್ ಡಬ್ಬಿ ತಗೊಂಡು ಅದರ ಎಕ್ಸ್‌ಪೈರಿ ಡೇಟ್ ಓದುತ್ತಾ ಕಾಯುತ್ತಾನೆ. ಅವರು ಹೋದ ಮೇಲೆ ಮೊಬೈಲ್ ತಿರುಗಿಸಿ ಫೋಟೋ ತೋರಿಸುತ್ತಾನೆ, ಬಾಯಿ ಬಿಡೋದಿಲ್ಲ. ಫೋಟೋದಲ್ಲಿ ಕುದುರೆ ಚಿತ್ರದ ಬಾಟಲಿ ಇರುತ್ತದೆ. ‘ಇದು ಕೆಲಸ ಮಾಡಲ್ಲಪ್ಪ’ ಅಂದರೆ ನಂಬೋದಿಲ್ಲ. ಇವನ ಹತ್ತಿರ ಸ್ಟಾಕ್ ಇಲ್ಲ, ಅದಕ್ಕೆ ಹಾಗಂತಾನೆ ಅಂದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಾನೆ.

ಯಾಕೆ ಕೆಲಸ ಮಾಡಲ್ಲ ಅಂತ ಹೇಳುತ್ತೇನೆ ಕೇಳಿ. ಶಿಶ್ನದಲ್ಲಿ ತೋಳಿನ ಹಾಗೆ ಉಜ್ಜಿ, ಕಸರತ್ತು ಮಾಡಿ ಬೆಳೆಸುವ ಮಾಂಸಖಂಡ ಇಲ್ಲ. ಒಳಗೆ ಸ್ಪಂಜಿನಂಥ ಎರಡು ಕೊಳವೆ ಇವೆ. ಅದರಲ್ಲಿ ರಕ್ತ ತುಂಬಿದರೆ ಗಟ್ಟಿಯಾಗುತ್ತದೆ, ಇಳಿದರೆ ಮೆತ್ತಗಾಗುತ್ತದೆ. ಆ ಕೊಳವೆಯ ಗೋಡೆ ಹದಿಹರೆಯದಲ್ಲಿ ಬೆಳೆದು ನಿಂತ ಮೇಲೆ ಮುಗೀತು. ಎಣ್ಣೆ ಚರ್ಮದ ಮೇಲೆ ಕೂರುತ್ತದೆ ಅಷ್ಟೆ. ಕೆಲವು ಎಣ್ಣೆಗಳಲ್ಲಿ ಉರಿ ಬರುವಂಥದ್ದೇನೋ ಸೇರಿಸಿರುತ್ತಾರೆ. ಹಚ್ಚಿದ ಕೂಡಲೇ ಬಿಸಿ ಆಗುತ್ತೆ, ಕೆಂಪಾಗಿ ಊದುತ್ತೆ, ಹುಡುಗರು ‘ಕೆಲಸ ಮಾಡ್ತಿದೆ’ ಅಂದುಕೊಳ್ಳುತ್ತಾರೆ. ಆಮೇಲೆ ಚರ್ಮ ಸುಲಿದುಕೊಂಡು ಮುಲಾಮು ಕೇಳೋಕೆ ನನ್ನ ಹತ್ತಿರವೇ ಬರುತ್ತಾರೆ.

ಕ್ಯಾಪ್ಸೂಲ್ ಇನ್ನೂ ಅಪಾಯ. ‘ನೂರಕ್ಕೆ ನೂರು ಗಿಡಮೂಲಿಕೆ’ ಅಂತ ಬರೆದ ಇಂಥ ಮಾತ್ರೆಗಳನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಷ್ಟೋ ಸಲ ಪರೀಕ್ಷೆ ಮಾಡಿ, ಒಳಗೆ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಬೆರೆಸಿದ್ದಾರೆ ಅಂತ ಎಚ್ಚರಿಕೆ ಕೊಟ್ಟಿದೆ. ವಯಾಗ್ರಾದಲ್ಲಿ ಇರೋದು ಇದೇ ಸಿಲ್ಡೆನಾಫಿಲ್. ಆರೋಗ್ಯವಾಗಿರುವ ಹುಡುಗನಿಗೆ ತಲೆನೋವು, ಮುಖ ಕೆಂಪಾಗೋದು ಇಷ್ಟರಲ್ಲೇ ಮುಗಿಯಬಹುದು. ಎದೆನೋವಿಗೆ ಸಾರ್ಬಿಟ್ರೇಟ್ ತಗೊಳ್ಳುವವರು ಇದನ್ನು ನುಂಗಿದರೆ ಬಿಪಿ ಧಡಕ್ಕನೆ ಬಿದ್ದು ಪ್ರಾಣಕ್ಕೇ ಬರುತ್ತದೆ. ಡಬ್ಬಿ ಮೇಲೆ ಅಶ್ವಗಂಧದ ಚಿತ್ರ ಇರೋದರಿಂದ ಅವರಿಗೆ ಅದು ಗೊತ್ತೇ ಆಗೋದಿಲ್ಲ.

ಇದಕ್ಕೆ ಕಾನೂನಿಲ್ಲವಾ ಅಂದರೆ, ಇದೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಗೆ ಜಾಹೀರಾತು ಕೊಡೋದನ್ನು 1954ರಲ್ಲೇ ಕೇಂದ್ರದ ಕಾಯ್ದೆ ನಿಷೇಧಿಸಿದೆ. ಔಷಧ ನಿಯಮಗಳಲ್ಲಿ ‘ಶೆಡ್ಯೂಲ್ ಜೆ’ ಅಂತ ಒಂದು ಪಟ್ಟಿ ಇದೆ. ಯಾವ ಔಷಧಿಯೂ ಗುಣಪಡಿಸುತ್ತೇನೆ ಅಂತ ಹೇಳಿಕೊಳ್ಳಬಾರದ ಸಂಗತಿಗಳ ಪಟ್ಟಿ ಅದು. ಜನನಾಂಗದ ಗಾತ್ರ ಹೆಚ್ಚಿಸೋದೂ ಅದರಲ್ಲಿದೆ. ನಾವು ಓದುವಾಗ ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಬಸ್‌ಸ್ಟ್ಯಾಂಡ್ ಶೌಚಾಲಯದ ಗೋಡೆ ನೋಡಿದರೆ ಅದನ್ನು ಓದಿದವರು ನಾವು ಮಾತ್ರ ಅನ್ನಿಸುತ್ತದೆ.

ಪಂಪು, ಎಳೆಯುವ ಸಾಧನ, ಆಪರೇಷನ್ ಬಗ್ಗೆಯೂ ಕೇಳಿದ್ದೀರಿ. ಪಂಪು ನಿಮಿರುವಿಕೆ ಬಾರದವರಿಗೆ ಡಾಕ್ಟರ್ ಹೇಳಿಕೊಡುವ ಸಾಧನ, ಅದರಿಂದ ಉದ್ದ ಶಾಶ್ವತವಾಗಿ ಹೆಚ್ಚಲ್ಲ. ಎಳೆಯುವ ಸಾಧನ ದಿನಕ್ಕೆ ಹಲವು ಗಂಟೆ, ತಿಂಗಳುಗಟ್ಟಲೆ ಕಟ್ಟಿಕೊಂಡರೆ ಹೆಚ್ಚೆಂದರೆ ಒಂದೆರಡು ಸೆಂ.ಮೀ. ಸಿಗಬಹುದು. ಅಂಗ ಡೊಂಕಾಗುವ ಕಾಯಿಲೆ ಇರುವವರಿಗೂ ಅದನ್ನು ಹೇಳುತ್ತಾರೆ. ಆಪರೇಷನ್‌ನಲ್ಲಿ ಬುಡದ ಹಿಡಿತದ ನಾರನ್ನು ಕತ್ತರಿಸುತ್ತಾರೆ. ಸುಮ್ನಿದ್ದಾಗ ಸ್ವಲ್ಪ ಉದ್ದ ಜೋತುಬೀಳುತ್ತೆ, ಆದರೆ ನಿಮಿರಿದಾಗ ಮೊದಲಿನ ಹಿಡಿತ ಇರಲ್ಲ. ಮೂರೂ ನಿಮಗೆ ಬೇಡ. ಹಾಗೇ, ಹಸ್ತಮೈಥುನದಿಂದ ಸಣ್ಣಗಾಯಿತಾ ಅಂತಲೂ ಕೇಳಿದ್ದೀರಲ್ಲ, ಇಲ್ಲ. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಅನ್ನೋದೆಲ್ಲ ಕಟ್ಟುಕಥೆ.

ಈಗ ನಿಮ್ಮ ಕೊನೆ ಸಾಲಿಗೆ ಬರೋಣ. ಮುಂದೊಗಲು ಹಿಂದೆ ಸರಿಯದೆ ಬಿಗಿಯಾಗಿರೋದಕ್ಕೆ ಫೈಮೋಸಿಸ್ ಅನ್ನುತ್ತಾರೆ. ಹುಟ್ಟಿದಾಗ ಬಹುತೇಕ ಗಂಡುಮಕ್ಕಳಿಗೆ ಅದು ತುದಿಗೆ ಅಂಟಿಕೊಂಡೇ ಇರುತ್ತದೆ. ವರ್ಷ ಕಳೆದ ಹಾಗೆ ತಾನೇ ಬಿಡಿಸಿಕೊಳ್ಳುತ್ತದೆ. (ಎಣ್ಣೆ ನೀರು ಹಾಕುವಾಗ ಅಜ್ಜಿಯರು ಬಲವಂತವಾಗಿ ಹಿಂದಕ್ಕೆ ಎಳೆಯುತ್ತಾರಲ್ಲ, ಹಾಗೆ ಮಾಡಬಾರದು. ಗಾಯವಾಗಿ, ಮಾಯುವಾಗ ಇನ್ನೂ ಬಿಗಿಯಾಗುತ್ತದೆ.) 1968ರಲ್ಲಿ ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಅನ್ನುವ ವೈದ್ಯರು ಶಾಲಾ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿ ಬರೆದ ಪ್ರಕಾರ, 17 ವರ್ಷದ ಹೊತ್ತಿಗೆ ಬಿಗಿಯಾಗೇ ಉಳಿಯೋದು ನೂರಕ್ಕೆ ಒಬ್ಬರಿಗೆ. ಆ ಒಬ್ಬರು ಮದುವೆ ಗೊತ್ತಾಗುವವರೆಗೂ ಯಾರಿಗೂ ಹೇಳಿರೋದಿಲ್ಲ.

ಹೇಳದಿದ್ದರೆ ಆಗೋದೇನು ಅಂದರೆ, ಮೊದಲ ರಾತ್ರಿ ಬಲವಂತ ಮಾಡಿ ಚರ್ಮ ಬಿರಿಯುತ್ತದೆ. ಇಲ್ಲವೇ ತುದಿಯ ಕೆಳಗಿನ ಎಳೆ ಹರಿದು ರಕ್ತ ಬರುತ್ತದೆ. ಇನ್ನೊಂದಿದೆ, ಅದು ತುರ್ತು. ಹೇಗೋ ಹಿಂದೆ ಸರಿದ ಚರ್ಮ ಮುಂದೆ ಬಾರದೆ ಉಂಗುರದ ಹಾಗೆ ಸಿಕ್ಕಿಹಾಕಿಕೊಂಡರೆ ತುದಿ ಊದಿಕೊಳ್ಳುತ್ತಾ ಹೋಗುತ್ತದೆ. ಹಾಗಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಕ್ಯಾಶುವಾಲಿಟಿಗೆ ಹೋಗಿ.

ಚಿಕಿತ್ಸೆ ಸಾಮಾನ್ಯವಾಗಿ ಮುಲಾಮಿನಿಂದ ಶುರು. ಬೀಟಾಮೆಥಾಸೋನ್ ಥರದ ಸ್ಟೀರಾಯ್ಡ್ ಕ್ರೀಮನ್ನು ಬಿಗಿಯಾದ ಜಾಗಕ್ಕೆ ತೆಳ್ಳಗೆ ಹಚ್ಚಿ, ನೋವಾಗದಷ್ಟೇ ಚರ್ಮವನ್ನು ದಿನಾ ಹಿಂದಕ್ಕೆ ಸರಿಸುತ್ತಾ ಬರಬೇಕು. ನಾಲ್ಕರಿಂದ ಎಂಟು ವಾರ. ಬಹಳ ಜನಕ್ಕೆ ಇಷ್ಟರಲ್ಲೇ ಸಡಿಲವಾಗುತ್ತದೆ. ಹಾಗಂತ ಈ ಹೆಸರು ಹಿಡಿದುಕೊಂಡು ನೇರ ಮೆಡಿಕಲ್‌ಗೆ ಹೋಗಬೇಡಿ. ಚೀಟಿ ಇಲ್ಲದೆ ಕೊಡುವ ಔಷಧಿ ಅಲ್ಲ ಅದು. ಅಲ್ಲಿ ಫಂಗಸ್ ಇದ್ದರೆ ಸ್ಟೀರಾಯ್ಡ್‌ನಿಂದ ಇನ್ನೂ ಹರಡುತ್ತದೆ. ಚರ್ಮ ಬೆಳ್ಳಗೆ, ಕಾಗದದ ಥರ ಒರಟಾಗಿದ್ದರೆ ಬೇರೆಯೇ ಕಾಯಿಲೆ, ಕ್ರೀಮಿಗೆ ಬಗ್ಗದೇ ಇರಬಹುದು. ಅದನ್ನು ಕಣ್ಣಲ್ಲಿ ನೋಡಿದವರೇ ಹೇಳಬೇಕು.

ಶುಗರ್ ಟೆಸ್ಟೂ ಮಾಡಿಸಿ. ಮೊದಲು ಸರಿಯಾಗಿದ್ದು ಆಮೇಲೆ ಬಿಗಿಯಾಗಿದ್ದರೆ, ತುದಿಯಲ್ಲಿ ಸಣ್ಣ ಸಣ್ಣ ಬಿರುಕು ಕಾಣುತ್ತಿದ್ದರೆ, ಮೊದಲ ಅನುಮಾನ ಸಕ್ಕರೆ ಕಾಯಿಲೆ ಮೇಲೆ. ನಿಮ್ಮ ತಂದೆಗೆ ಶುಗರ್ ಇದೆ ಅಂದಿದ್ದೀರಿ. ಅವರ ಮಾತ್ರೆ ಹಾಳೆ ಮೇಲೆ ಡಾಪಾಗ್ಲಿಫ್ಲೋಜಿನ್ ಅಂತ ಇದೆಯಾ ನೋಡಿ. ಒಳ್ಳೇ ಮಾತ್ರೆಯೇ, ಆದರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹಾಗಾಗಿ ಅಲ್ಲಿ ಫಂಗಸ್ ಆಗೋದು ಜಾಸ್ತಿ. ನಮ್ಮ ಅಂಗಡಿಗೆ ಬರುವ ಎಷ್ಟೋ ಹಿರಿಯರು ಈ ತುರಿಕೆಯನ್ನು ಮಗನಿಗೂ ಹೇಳಲ್ಲ, ಡಾಕ್ಟರಿಗೂ ಹೇಳಲ್ಲ. ಸ್ನಾನ ಮಾಡುವಾಗ ಚರ್ಮ ಸರಿಯುವಷ್ಟು ಸರಿಸಿ ಬರೀ ನೀರಲ್ಲಿ ತೊಳೆದರೆ ಸಾಕು. ಡೆಟಾಲ್ ಹಾಕಬೇಡಿ. ಹಾಕಿಕೊಂಡು ಉರಿ ಅಂತ ಬರುವವರು ಕಡಿಮೆ ಇಲ್ಲ.

ಕ್ರೀಮಿಗೆ ಸಡಿಲವಾಗದಿದ್ದರೆ ಆಪರೇಷನ್. ಬಿಗಿಯಾದ ಕಡೆ ಮಾತ್ರ ಸಡಿಲ ಮಾಡುವ ಚಿಕ್ಕ ಶಸ್ತ್ರಚಿಕಿತ್ಸೆ ಇದೆ. ಪೂರ್ತಿ ಮುಂದೊಗಲು ತೆಗೆಯೋದೂ ಇದೆ, ನಿಮ್ಮ ಗೆಳೆಯ ಹೇಳಿದ ಸುನ್ನತ್ ಅದೇ. ಅದರಿಂದ ಅಳತೆ ಒಂದು ಕೂದಲೆಳೆಯಷ್ಟೂ ಹೆಚ್ಚಲ್ಲ. ತುದಿ ಸದಾ ಕಾಣುವುದರಿಂದ ದೊಡ್ಡದು ಅನ್ನಿಸಬಹುದು ಅಷ್ಟೆ. ನಮ್ಮ ಪಕ್ಕದ ಅಂಗಡಿಯ ಟೈಲರ್ ಭಾಯಿಗೆ ನಿಮ್ಮ ಪ್ರಶ್ನೆ ಹೇಳಿದೆ. ನಕ್ಕುಬಿಟ್ಟರು. ‘ಹಂಗಿದ್ರೆ ನಮ್ಮ ಹುಡುಗ್ರು ಯಾಕಣ್ಣಾ ಅದೇ ಎಣ್ಣೆ ಕೇಳ್ಕೊಂಡು ನಿಮ್ಮಂಗಡಿಗೆ ಬರ್ತಾರೆ?’ ಅಂದರು.

ಅವರ ಚಿಕ್ಕಂದಿನಲ್ಲಿ ಹಜಾಮರು ಮನೆಗೇ ಬರುತ್ತಿದ್ದರಂತೆ. ಹೊಸ ಬಟ್ಟೆ, ಕೊರಳಿಗೆ ಹೂವಿನ ಹಾರ, ಸೋದರಮಾವ ಹಿಂದಿನಿಂದ ಗಟ್ಟಿಯಾಗಿ ಹಿಡಿದು ‘ಮೇಲೆ ನೋಡು, ಹಕ್ಕಿ’ ಅನ್ನೋದು, ನೋಡುವಷ್ಟರಲ್ಲಿ ಕೆಲಸ ಮುಗಿದಿರೋದು. ಗಾಯಕ್ಕೆ ಬೂದಿ. ಅವರ ಮಗನಿಗೆ ಮಾಡಿಸಿದ್ದು ಬೇಸಿಗೆ ರಜೆಯಲ್ಲಿ, ಆಸ್ಪತ್ರೆಯಲ್ಲಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು. ಹಾರ ಮತ್ತು ಬಿರಿಯಾನಿ ಮಾತ್ರ ಹಾಗೇ ಉಳಿದಿದೆ. ಯಹೂದಿಗಳು ಹುಟ್ಟಿದ ಎಂಟನೇ ದಿನ ಮಾಡಿಸುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿ ಬಹುಪಾಲು ಕ್ರೈಸ್ತರೇ, ಅಲ್ಲೂ ಶಾಲೆ ರಜೆಯಲ್ಲಿ ಹುಡುಗರು ಸಾಲಾಗಿ ಮಾಡಿಸಿಕೊಳ್ಳುತ್ತಾರೆ. ದಕ್ಷಿಣ ಆಫ್ರಿಕಾದ ಷೋಸಾ ಜನರಲ್ಲಿ ಇದು ಹುಡುಗ ಗಂಡಸಾಗುವ ದೀಕ್ಷೆ. ಊರಾಚೆ ಗುಡಿಸಲಲ್ಲಿ, ಸರಿಯಾದ ಆರೈಕೆ ಇಲ್ಲದ ಕಡೆ, ಸೋಂಕಾಗಿ ಹುಡುಗರು ಸತ್ತ ಸುದ್ದಿ ಪ್ರತಿ ವರ್ಷ ಬರುತ್ತದೆ.

ಆರೋಗ್ಯಕ್ಕೆ ಲಾಭವಿಲ್ಲ ಅಂತ ನಾನು ಹೇಳಲ್ಲ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾದಲ್ಲಿ ನಡೆದ ಮೂರು ದೊಡ್ಡ ಪ್ರಯೋಗಗಳಲ್ಲಿ, ಹೆಂಗಸಿನಿಂದ ಗಂಡಸಿಗೆ ಎಚ್‌ಐವಿ ಹರಡೋದು ಶೇ. 60ರ ಹತ್ತಿರ ಕಡಿಮೆಯಾಯಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ಬಹಳ ಇರುವ ಆ ಭಾಗದ ದೇಶಗಳಿಗೆ ಇದನ್ನು ಶಿಫಾರಸು ಮಾಡಿತು. ಆದರೆ ಕಾಂಡೋಮ್ ಬಿಡಿ ಅಂತ ಯಾರೂ ಹೇಳಿಲ್ಲ. ನಿಮ್ಮ ಕೇಸಿಗೂ ಅದಕ್ಕೂ ಸಂಬಂಧ ಇಲ್ಲ.

‘ನಾವು ಗೌಡರು, ಮನೇಲಿ ಗೊತ್ತಾದರೆ ಏನಂತಾರೆ’ ಅಂತ ಬರೆದಿದ್ದೀರಿ. ಫೈಮೋಸಿಸ್‌ಗೆ ಆಪರೇಷನ್ ಮಾಡಿಸಿಕೊಂಡವರು ಎಲ್ಲ ಜಾತಿಯಲ್ಲೂ ಇದ್ದಾರೆ, ಅವರು ಊರಿಗೆಲ್ಲ ಹೇಳಿಕೊಂಡು ತಿರುಗಲ್ಲ ಅಷ್ಟೆ. ಬೆಳಗ್ಗೆ ಹೋದರೆ ಸಂಜೆಗೆ ಮನೆ. ಹೊಲಿಗೆ ತಾನೇ ಕರಗುವಂಥದ್ದು. ಕೆಲವು ದಿನ ತುದಿ ಚಡ್ಡಿಗೆ ತಾಗಿದರೆ ಜುಂ ಅನ್ನುತ್ತದೆ. ಪಂಚೆ ಉಟ್ಟುಕೊಂಡಿರಿ.

ಹೋಗೋದು ಎಲ್ಲಿಗೆ ಅಂದರೆ, ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ. ಎರಡೂ ಸರ್ಕಾರಿ, ಖರ್ಚು ಕಡಿಮೆ. ಚರ್ಮರೋಗ ವಿಭಾಗಕ್ಕೆ ಚೀಟಿ ಮಾಡಿಸಿ. ಕೌಂಟರಿನಲ್ಲಿ ಏನು ತೊಂದರೆ ಅಂದರೆ ‘ಚರ್ಮದ್ದು’ ಅನ್ನಿ, ಅಲ್ಲಿ ಅದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ. ಒಳಗೆ ಡಾಕ್ಟರ್ ಮುಂದೆ ಮಾತ್ರ ‘ಅಲ್ಲಿ ತುರಿಕೆ’ ಅಂತ ಸುತ್ತಿ ಬಳಸಬೇಡಿ, ನನಗೆ ಬರೆದ ಆ ಕೊನೆ ಸಾಲನ್ನೇ ಮೊದಲು ಹೇಳಿ. ಲೇಡಿ ಡಾಕ್ಟರ್ ಇದ್ದರೆ ವಾಪಸ್ ಬರಬೇಡಿ, ಅವರಿಗೆ ಇದು ದಿನದ ಕೆಲಸ.

ಹೋಗೋದು ಈ ವಾರವೇ ಆಗಲಿ. ಕ್ರೀಮಿಗೆ ಎಂಟು ವಾರ ಹಿಡಿಯಬಹುದು. ಅದರಲ್ಲಿ ಆಗದೆ ಆಪರೇಷನ್ ಅಂತಾದರೆ, ಆಮೇಲೆ ನಾಲ್ಕರಿಂದ ಆರು ವಾರ ಸಂಭೋಗ, ಹಸ್ತಮೈಥುನ ಎರಡೂ ಇಲ್ಲ. ಒಟ್ಟು ಹದಿನಾಲ್ಕು ವಾರ ಆಯಿತು. ಶ್ರಾವಣಕ್ಕೆ ಹದಿನಾರೇ ವಾರ ಉಳಿದಿರೋದು, ಅದರಲ್ಲಿ ಆಪರೇಷನ್ ತಾರೀಖು ಸಿಗೋದಕ್ಕೂ ಒಂದೆರಡು ವಾರ ಬೇಕು.